ಚಿಕ್ಕಪ್ಪ ನೀರೊಳಗೆ ಆಡಿದ ಮಾತು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಷ್ಟು ತಪ್ಪಿರಬಹುದು. ನಾವು ಆವತ್ತು ಕಂಡ ಆಮೆ ಎರಡೋ ಮೂರೋ, ಅಪ್ಪನ ಟೋಪಿ ನೀಲಿಯದೋ ಕಂದುಬಣ್ಣದ್ದೋ, ಇಂಥ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ದಿನದ ಪುಟದಲ್ಲಿ "ಬಿಸಿಲು. ಆಮೆ ಎರಡು. ಅಪ್ಪ ನಕ್ಕರು" ಎಂದಷ್ಟೇ ಇದೆ. ಆ "ಎರಡು" ಎಂಬುದನ್ನೂ ಆಮೇಲೆ ಯಾವಾಗಲೋ ಬೇರೆ ಶಾಯಿಯಲ್ಲಿ ಮೂರು ಎಂದು ತಿದ್ದಲಾಗಿದೆ. ತಿದ್ದಿದವಳು ನಾನೇ. ಯಾಕೆ ತಿದ್ದಿದೆನೋ ನನಗೇ ಗೊತ್ತಿಲ್ಲ!

ಒಂದು ಸಂಗತಿ ಮಾತ್ರ ನೂರಕ್ಕೆ ನೂರು ನಿಜ. ನಮ್ಮ ಚಿಕ್ಕಪ್ಪನಷ್ಟು ಮಾತಾಡುವವರು ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಅಂಥವರು ಒಡಹುಟ್ಟಿದ ಅಣ್ಣನ ಜೊತೆ ಹನ್ನೊಂದು ವರ್ಷ ಒಂದು ಮಾತೂ ಆಡಲಿಲ್ಲ.

ಅವರು ಹಳೇಬೀಡಿನಲ್ಲಿ ಗೈಡು. ಬೆಳಗ್ಗೆ ಮೊದಲ ಬಸ್ಸಿನವರು ಇಳಿಯುವಾಗ ಬಾಯಿ ತೆರೆದರೆ ದೇವಸ್ಥಾನದ ಬಾಗಿಲು ಹಾಕುವವರೆಗೆ ಮುಚ್ಚುತ್ತಿರಲಿಲ್ಲ. ಗೋಡೆಯ ಆನೆ, ಕುದುರೆ, ಹಂಸಗಳ ಸಾಲು ಮುಗಿದ ಮೇಲೂ ಪ್ರವಾಸಿಗಳನ್ನು ಬಿಡುವವರಲ್ಲ. ಅವರ ಚಪ್ಪಲಿ ಹುಡುಕಿಕೊಟ್ಟು, ಆ ಚಪ್ಪಲಿಯ ಬಗ್ಗೆಯೂ ಎರಡು ಮಾತು ಹೇಳುತ್ತಿದ್ದರು! ಒಮ್ಮೆ ಬೇಲೂರಿಗೆ ಯಾರದೋ ಬದಲಿಗೆ ಅರ್ಧ ದಿನ ಹೋಗಿದ್ದರಂತೆ. ಇವರ ವಿವರಣೆ ಮುಗಿಯದೆ, ಒಂದು ಬಸ್ಸಿನವರು ಮುಂದಿನ ಊರುಗಳನ್ನೆಲ್ಲ ಬಿಟ್ಟು ನೇರ ಮನೆಗೆ ಹೋದರಂತೆ. ಬೇಲೂರಿನವರು ಮತ್ತೆ ಕರೆಯಲಿಲ್ಲ.

ಅಪ್ಪ ಅರಸೀಕೆರೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಒಂದು ವರ್ಷ ಮಕ್ಕಳನ್ನು ಕರೆದುಕೊಂಡು ಹಳೇಬೀಡಿಗೆ ಹೋದರು. ಅಂಗಳದ ಮೂಲೆಯಲ್ಲಿ ಒಂದು ಸವೆದ ಕಲ್ಲು, ಅದರ ಮೇಲೆ ನಾಲ್ಕು ಕಾಲಿನ ಒಂದು ಪುಟ್ಟ ಪ್ರಾಣಿ. ಚಿಕ್ಕಪ್ಪ ದಾವಣಗೆರೆ ಕಡೆಯ ಒಂದು ದೊಡ್ಡ ಗುಂಪನ್ನು ಅದರ ಮುಂದೆ ನಿಲ್ಲಿಸಿಕೊಂಡು, ಇದೇ ಕೂರ್ಮಾವತಾರ, ಇದರ ಬೆನ್ನಿನ ಮೇಲೇ ಮಂದರ ಪರ್ವತ ನಿಂತದ್ದು ಎಂದು ಕೈ ಬೀಸಿ ಹೇಳುತ್ತಿದ್ದರು. ಅಪ್ಪ ಬಗ್ಗಿ ನೋಡಿದರು. ಪಾಠದ ಮೇಷ್ಟ್ರಲ್ಲವೇ, ತಡೆಯಲಾಗಲಿಲ್ಲ.

"ಲೋ, ಅದು ಆಮೆಯಲ್ಲ ಕಣೋ, ಕಪ್ಪೆ! ಹಿಂಗಾಲು ಮಡಿಚಿರೋದು ಕಾಣಲ್ವೇನೋ?"

"ಹೌದು ಸಾರ್, ಕಪ್ಪೆ!" ಎಂದು ಶಾಲೆಯ ಮಕ್ಕಳೆಲ್ಲ ಕೂಗಿದರು. ಗುಂಪು ಬಿದ್ದು ಬಿದ್ದು ನಕ್ಕಿತು. ಅಷ್ಟೇ ಆಗಿದ್ದರೆ ಸಂಜೆಗೆ ಮರೆಯಬಹುದಿತ್ತೇನೋ. ಮರುದಿನದಿಂದ ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಹೆಸರು "ಕಪ್ಪೆ ಗೈಡು" ಎಂದಾಯಿತು. ಕಂಡಕ್ಟರು ಕೂಡ "ಯಾರ್ರೀ ಅದು, ಕಪ್ಪೆ ಗೈಡಿಗೆ ಜಾಗ ಬಿಡ್ರಿ" ಎನ್ನುತ್ತಿದ್ದ. ಚಿಕ್ಕಪ್ಪ ಅಣ್ಣನ ಜೊತೆ ಮಾತು ಬಿಟ್ಟರು. ಅಪ್ಪನೂ ಬಿಟ್ಟರು. ತಪ್ಪಾಯಿತು ಎನ್ನಲು ಅಪ್ಪನಿಗೆ ಬರುತ್ತಿರಲಿಲ್ಲ. ಕಪ್ಪೆಯನ್ನು ಕಪ್ಪೆ ಎಂದದ್ದು ತಪ್ಪು ಹೇಗಾಗುತ್ತದೆ?

ಮಾತು ಬಿಟ್ಟರು, ಬರುವುದು ಬಿಡಲಿಲ್ಲ! ಪ್ರತಿ ಭಾನುವಾರ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಚಿಕ್ಕಪ್ಪ ಹಾಜರ್. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಪೊಟ್ಟಣ. ಅದು ಅಪ್ಪನಿಗೆ ಪ್ರಾಣ ಎಂದು ಊರಿಗೇ ಗೊತ್ತು. "ಅತ್ತಿಗೆ, ಇದು ಈ ಮನೆಗೆ. ಯಾರೋ ಒಬ್ರಿಗೆ ಅಂತಲ್ಲ" ಎಂದು ಅಮ್ಮನ ಕೈಗೆ ಕೊಟ್ಟು, ಅಪ್ಪನ ಎದುರು ಕುರ್ಚಿಯಲ್ಲೇ ಕೂರುತ್ತಿದ್ದರು. ಒಂದೇ ಪೇಪರನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡು ಓದುತ್ತಿದ್ದರು. ನಡುನಡುವೆ ಮಾತೂ ನಡೆಯುತ್ತಿತ್ತು, ನನ್ನ ಮೂಲಕ.

"ನಿಮ್ಮಪ್ಪಂಗೆ ಹೇಳು, ಈ ಸಲ ಮಳೆ ಚೆನ್ನಾಗೈತೆ ಅಂತ."

"ಅವನಿಗೆ ಹೇಳು, ನನಗೂ ಕಣ್ಣಿದೆ ಅಂತ."

ನಾನಿಲ್ಲದಾಗ ಗೋಡೆಯ ಕ್ಯಾಲೆಂಡರು, ರೇಡಿಯೋ, ಬಾಗಿಲು, ಏನಾದರೂ ಆದೀತು. "ಈ ಮನೆ ಕಾಫಿಗೆ ಸಕ್ಕರೆ ಹಾಕೋ ಪದ್ಧತಿ ನಿಂತೋಯ್ತಾ?" ಎಂದು ಚಿಕ್ಕಪ್ಪ ಬಾಗಿಲನ್ನು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಅಮ್ಮನಿಗೆ ರೇಗುತ್ತಿತ್ತು. "ಜಗಳ ಆಡೋದಾದ್ರೆ ನೇರ ಆಡ್ರಪ್ಪ, ನನಗೆ ಒಲೆ ಮೇಲೆ ಸಾರಿದೆ!"

ನಾನು ಮಾತುಗಳನ್ನು ಇದ್ದ ಹಾಗೆ ದಾಟಿಸುತ್ತಿರಲಿಲ್ಲ. ಒರಟಾದದ್ದನ್ನು ಸವರಿ, ಖಾರ ತೆಗೆದು, ಒಮ್ಮೊಮ್ಮೆ ಇಲ್ಲದ ಪ್ರೀತಿಯನ್ನೂ ಸೇರಿಸಿ ಕೊಡುತ್ತಿದ್ದೆ. "ಚಿಕ್ಕಪ್ಪ, ನಿಮಗೆ ಕೆಮ್ಮಾ ಅಂತ ಅಪ್ಪ ಕೇಳ್ತಿದ್ದಾರೆ" ಎಂದರೆ ಅಪ್ಪ ಪೇಪರಿನ ಹಿಂದಿನಿಂದ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು, ಇಲ್ಲ ಎನ್ನುತ್ತಿರಲಿಲ್ಲ. ಆಮೇಲೆ ನಾನು ಕನ್ನಡ ಎಂ.ಎ. ಮಾಡಿದಾಗ ಹಳೆಯ ಪಾಠಗಳನ್ನು ತಿದ್ದಿ ಒಪ್ಪಮಾಡುವ ಗ್ರಂಥಸಂಪಾದನೆಯಲ್ಲಿ ಒಳ್ಳೆಯ ಅಂಕ ಬಂತು. ಬರದೇ ಇರುತ್ತದೆಯೇ!

ಹೊನ್ನಾವರದ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಪ್ಪ ಆಗಲೇ ನಿವೃತ್ತರು. ರಜೆಗೆ ಹೋದಾಗ ನೋಡಿದೆ, ಸಂತೆಯಿಂದ ಬರುವಾಗ ಎರಡು ಕಡೆ ನಿಂತು, ಸುಧಾರಿಸಿಕೊಂಡು ಬರುತ್ತಿದ್ದರು. ಕೇಳಿದರೆ "ಯಾರೋ ಸಿಕ್ರು, ಮಾತಾಡ್ತಿದ್ದೆ" ಎನ್ನುತ್ತಿದ್ದರು. ಅಪ್ಪ ದಾರಿಯಲ್ಲಿ ನಿಂತು ಮಾತಾಡುವವರೇ ಅಲ್ಲ. ನನಗೆ ಹೆದರಿಕೆಯಾಯಿತು. ಇವರಿಬ್ಬರೂ ಒಂದು ಮಾತಾದರೂ ನೇರವಾಗಿ ಆಡುವ ಮೊದಲೇ ಏನಾದರೂ ಆಗಿಬಿಟ್ಟರೆ?

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು, ಮುಖಕ್ಕೆ ಗಾಜು, ಬಾಯಿಗೆ ನಳಿಗೆ ಕೊಟ್ಟು ಕಡಲಾಮೆ ತೋರಿಸುತ್ತಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಇಬ್ಬರಿಗೂ ಫೋನು ಮಾಡಿದೆ. ಸಮುದ್ರದ ನಡುವೆ ಎದ್ದು ಹೋಗಲು ಜಾಗವಿರುವುದಿಲ್ಲವಲ್ಲ!

"ಬತ್ತೀನಿ. ಆದ್ರೆ ನಿಮ್ಮಪ್ಪಂಗೆ ಹೇಳು, ನಾನ್ ಬರೋದು ಆಮೆ ನೋಡಾಕೆ" ಎಂದರು ಚಿಕ್ಕಪ್ಪ.

"ಅವನಿಗೆ ಹೇಳು, ಕಪ್ಪೆಗೂ ಆಮೆಗೂ ಏನು ವ್ಯತ್ಯಾಸ ಅಂತ ಹತ್ತಿರದಿಂದ ನೋಡ್ಕೊಳ್ಳಲಿ" ಎಂದರು ಅಪ್ಪ. ನಾನು ದಾಟಿಸಿದ್ದು: "ಅಪ್ಪ ಸಂತೋಷ ಅಂದ್ರು."

ಚಿಕ್ಕಪ್ಪ ತಯಾರಿ ಶುರುಮಾಡಿದರು. ಪರಂಗಿ ಗಿಡದ ಎಲೆಯ ಟೊಳ್ಳು ದಂಟನ್ನು ಕೊಯ್ದು, ಅದನ್ನೇ ನಳಿಗೆ ಮಾಡಿಕೊಂಡು, ಹುಲಿಕೆರೆಯ ಕಲ್ಯಾಣಿಯಲ್ಲಿ ಮುಳುಗಿ ಕೂತರು! ಮೆಟ್ಟಿಲ ಮೇಲಿದ್ದ ಒಬ್ಬ ಅಜ್ಜಿ ಬಾಯಿಬಾಯಿ ಬಡಿದುಕೊಂಡಳು.

"ಅಯ್ಯೋ ಶಿವನೇ! ಏನ್ ಗೈಡಣ್ಣಾ, ಯಾತಕ್ ಹಿಂಗ್ ಮಾಡ್ಕಂಡೆ? ಎಂಡ್ರು ಮಕ್ಳು ಅವ್ರಲ್ಲಪ್ಪಾ ನಿಂಗೆ!"

ಚಿಕ್ಕಪ್ಪನಿಗೆ ಉತ್ತರ ಕೊಡದೆ ಗೊತ್ತಿಲ್ಲ. ದಂಟಿನಲ್ಲೇ ಏನೋ ಹೇಳಹೋದರು. ಪೀಂ ಎಂದಿತು. ಅಜ್ಜಿ ಬಿಂದಿಗೆ ಬಿಟ್ಟು ಓಡಿದಳು. ಪರಂಗಿಯ ಹಾಲು ತಾಗಿ ತುಟಿಯೆರಡೂ ಬದನೆಕಾಯಿಯ ಹಾಗೆ ಊದಿಕೊಂಡವು. ಎರಡು ದಿನ ಹಳೇಬೀಡಿನ ಶಿಲ್ಪಗಳನ್ನು ಜನ ಸುಮ್ಮನೆ ನೋಡಿದರು. ಹಾಗೂ ನೋಡಬಹುದು ಎಂದು ಆಗಲೇ ಗೊತ್ತಾದದ್ದಂತೆ!

ಮುರ್ಡೇಶ್ವರದಲ್ಲಿ ನಮಗೆ ಸಿಕ್ಕಿದ್ದು ಮಧ್ಯಾಹ್ನದ ಸರದಿಯ ದೋಣಿ, ಕೆಟಮರಾನ್ ಎಂಬುದು. ಹಾಗೆಂದರೆ ಬೇರೇನೋ ಅಂದುಕೊಂಡಿದ್ದೆ. ಎರಡು ಸಪೂರ ದೋಣಿಗಳನ್ನು ದೂರ ದೂರ ಇಟ್ಟು, ನಡುವೆ ಬಲೆ ಬಿಗಿದು ಜೋಡಿಸಿದ್ದರು. ನಮ್ಮ ಮನೆಗೆಂದೇ ಮಾಡಿಸಿದ ಹಾಗಿತ್ತು. ಅಪ್ಪ ಆ ದೋಣಿಯ ಮೇಲೆ, ಚಿಕ್ಕಪ್ಪ ಈ ದೋಣಿಯ ಮೇಲೆ, ನಡುವಿನ ಬಲೆಯಲ್ಲಿ ನಾನು.

"ನಿಮ್ಮಪ್ಪಂಗೆ ಹೇಳು, ಟೋಪಿ ಎಳ್ಕಳಾಕೆ. ಬಿಸ್ಲು ಹೊಡಿತೈತೆ."

"ಅವನಿಗೆ ಹೇಳು, ಹಣೆ ವಿಭೂತಿ ಒರೆಸ್ಕೊಳ್ಳೋಕೆ. ಗಾಜಿಗೆ ಮೆತ್ತುತ್ತೆ."

ಚಿಕ್ಕಪ್ಪ ವಿಭೂತಿ ಒರೆಸಲಿಲ್ಲ. ಅವರು ಅಷ್ಟರಲ್ಲಿ ಎದ್ದು ನಿಂತು, ದೋಣಿಯಲ್ಲಿದ್ದ ಹತ್ತು ಜನಕ್ಕೂ ಸಮುದ್ರವನ್ನು ವಿವರಿಸಲು ತೊಡಗಿದ್ದರು. "ಎಲ್ರೂ ಎಡಗಡೆ ನೋಡಿ. ಅಲೆ ಗಮನಿಸಿ. ಒಂದರ ಹಾಗೆ ಇನ್ನೊಂದಿಲ್ಲ!" ಪುಣೆಯ ಕಡೆಯ ಒಬ್ಬರು ಗೌರವದಿಂದ ಕೇಳಿದರು, "ಈ ದೋಣಿಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ?" ಚಿಕ್ಕಪ್ಪ ಗಂಭೀರವಾಗಿ, "ಸಮುದ್ರ ನೋಡ್ತಿರೋದೇ ಇವತ್ತು" ಎಂದರು.

ದ್ವೀಪದ ಹತ್ತಿರ ದೋಣಿ ನಿಂತಿತು. ದೋಣಿಯವರು ಎಲ್ಲರಿಗೂ ತೇಲುವ ಅಂಗಿ ತೊಡಿಸಿ, ಮೂಗು ಮುಚ್ಚುವ ಗಾಜಿನ ಮುಖವಾಡ ಕಟ್ಟಿ, ನಳಿಗೆ ಕಚ್ಚಲು ಕೊಟ್ಟರು. "ಮೂಗನ್ನ ಮರ್ತುಬಿಡಿ ಮಾರಾಯ್ರೆ. ಉಸಿರೆಲ್ಲ ಬಾಯಲ್ಲೇ."

"ಬಾಯಿಗೆ ಇದ್ನ ಇಟ್ರೆ ಮಾತಾಡೋದೆಂಗೆ?"

"ಮಾತಾಡುದಲ್ಲ ಮಾರಾಯ್ರೆ, ನೋಡುದು!"

ಅಪ್ಪ ಇಳಿಯುವುದಿಲ್ಲ ಎಂದುಕೊಂಡಿದ್ದೆ. ಇಳಿದೇಬಿಟ್ಟರು. ದೋಣಿಯವರು ಅವರಿಗೆ ಹಿಡಿದುಕೊಳ್ಳಲು ಒಂದು ದೊಡ್ಡ ಟ್ಯೂಬು ಕೊಟ್ಟರು. ಮುಖ ತಗ್ಗಿಸಿದೆ. ಕೆಳಗೆ ತಿಳಿಹಸಿರು ಬೆಳಕು, ಬಂಡೆ, ಅದರಂಚಿನಲ್ಲಿ ಏನನ್ನೋ ಕಿತ್ತು ತಿನ್ನುತ್ತಿದ್ದ ಒಂದು ಆಮೆ. ಅದಕ್ಕೆ ಅವಸರವೇ ಇರಲಿಲ್ಲ. ಆಮೆಗೂ ಚಿಕ್ಕಪ್ಪನಿಗೂ ನಡುವೆ ಅಪ್ಪ, ಬೇರೆ ಎಲ್ಲೋ ನೋಡುತ್ತ ತೇಲುತ್ತಿದ್ದರು. ಚಿಕ್ಕಪ್ಪ ಕೈ ಚಾಚಿ ಅಪ್ಪನ ಮಣಿಕಟ್ಟು ಹಿಡಿದರು. ಹನ್ನೊಂದು ವರ್ಷದಲ್ಲಿ ಮುಟ್ಟಿದ್ದು ಅದೇ ಮೊದಲು. ನಳಿಗೆಯಲ್ಲಿ ಒಂದು ಕೂಗು ಕೇಳಿಸಿತು. "ಅಡ್ಡ!" ಮತ್ತೊಮ್ಮೆ, "ಅಡ್ಡ!"

ಅಪ್ಪ ತಿರುಗಿದರು. ಆಮೆ ಉಸಿರಿಗೆಂದು ಮೇಲೆದ್ದು, ಅವರಿಬ್ಬರ ಪಕ್ಕದಲ್ಲೇ ತಲೆ ಎತ್ತಿ, ಮತ್ತೆ ಇಳಿದು ಹೋಯಿತು. ಅಪ್ಪ ನೋಡಿದ್ದು ಆಮೆಯನ್ನೋ ತಮ್ಮನನ್ನೋ ನಾನು ಹೇಳಲಾರೆ. ಆವಿ ಕಟ್ಟಿದ ಮುಖವಾಡದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಕೈ ಎಷ್ಟು ಹೊತ್ತು ಹಿಡಿದಿದ್ದರು ಎಂಬುದೂ ನೆನಪಿಲ್ಲ.

ವಾಪಸು ಬರುವಾಗ ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಪುಣೆಯವರೇ ಬಂದು, ಆರೋಗ್ಯ ಸರಿಯಿದೆಯಾ ಎಂದು ಕೇಳಿಹೋದರು.

ಸಂಜೆ ನನ್ನ ಮನೆಯಲ್ಲಿ ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಅಪ್ಪ ಮೆಲ್ಲಗೆ ಕೇಳಿದರು. "ನೀರಲ್ಲಿ ಅವನು ಏನೋ ಅಂದ್ನಲ್ಲ. ನಿನಗೆ ಕೇಳಿಸ್ತೇನೆ?"

ಹನ್ನೊಂದು ವರ್ಷ ಪ್ರತಿ ಮಾತನ್ನೂ ತಿದ್ದಿ ತೀಡಿ ದಾಟಿಸಿದವಳು ನಾನು. ಅವತ್ತು ಯಾಕೋ ತಮಾಷೆ ಎನಿಸಿತು. ಕೇಳಿಸಿದ್ದನ್ನು ಕೇಳಿಸಿದಂತೆಯೇ ಹೇಳಿಬಿಟ್ಟೆ.

"'ಅಡ್ಡ' ಅಂದ್ರಪ್ಪ. ನೀವು ಆಮೆಗೆ ಅಡ್ಡ ಬಂದಿದ್ರಲ್ಲ!"

ಅಪ್ಪ ನಕ್ಕರು. "ಹಂಗಾ? ಸರಿ ಬಿಡು. ಅವನಿಗೆ ನಾನು ಯಾವತ್ತೂ ಅಡ್ಡಾನೇ." ಎದ್ದು ಹೋಗಿ ಒದ್ದೆ ಟವೆಲನ್ನು ಹಿಂಡಿ ತಂತಿಗೆ ಹಾಕಿದರು. ಆ ಟವೆಲನ್ನು ನಾನು ಆಗಲೇ ಹಿಂಡಿದ್ದೆ.

ಎರಡು ತಿಂಗಳಿಗೆ ಅಪ್ಪ ಹೋದರು. ಬೆಳಗಿನ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೆಯೇ. ಚಿಕ್ಕಪ್ಪ ಬಂದರು, ಎದುರು ಕುರ್ಚಿಯಲ್ಲಿ ಕೂತರು. ಜನ ಬಂದು ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಹೇಳಬೇಕಾಯಿತು.

ಮುಂದಿನ ವರ್ಷ ತರಗತಿಯಲ್ಲಿ ಅನುನಾಸಿಕಗಳ ಪಾಠ. ಙ, ಞ, ಣ, ನ, ಮ. ಉಸಿರು ಮೂಗಿನಿಂದ ಬರದಿದ್ದರೆ ಇವು ಹೊರಡುವುದಿಲ್ಲ ಎಂದು ತೋರಿಸಲು ನನ್ನ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು, ಬಾಯಿಗೆ ಬಂದ ಒಂದು ಪದ ಹೇಳಿದೆ. "ಅಣ್ಣ." ಹೊರಗೆ ಬಂದದ್ದು "ಅಡ್ಡ." ತರಗತಿ ಘೊಳ್ಳೆಂದಿತು. ಇನ್ನೊಮ್ಮೆ ಹೇಳಿ ಮೇಡಂ ಎಂದರು. ಅವತ್ತು ನೀರಲ್ಲಿ ಚಿಕ್ಕಪ್ಪನ ಮೂಗೂ ಮುಖವಾಡದೊಳಗೆ ಮುಚ್ಚಿತ್ತು. ತಲೆನೋವು ಎಂದು ಹೊರಗೆ ಬಂದೆ.

ಆ ಶನಿವಾರವೇ ಹಳೇಬೀಡಿಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕೂತಿದ್ದರು. ಎಲ್ಲವನ್ನೂ ಹೇಳಿದೆ: ಅಪ್ಪ ಕೇಳಿದ್ದು, ನಾನು ಅಂದದ್ದು, ಅಪ್ಪ ನಕ್ಕದ್ದು. ಆಮೇಲೆ ಕೇಳಿದೆ. ಕೇಳಬಾರದಿತ್ತೇ? ಒಂದು ಉತ್ತರ ಬಂದರೆ ಅವರು ಬದುಕಿರುವವರೆಗೆ ಅದನ್ನು ಹೊರಬೇಕು, ಇನ್ನೊಂದು ಬಂದರೆ ನಾನು. ಚಪ್ಪಲಿಯ ಬಗ್ಗೆಯೂ ಎರಡು ಮಾತು ಆಡಬಲ್ಲವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಬಸ್ಸಿಗೆ ಹೊತ್ತಾಯ್ತು ನಡಿಯವ್ವ" ಎಂದು ಎದ್ದರು. ಬಸ್ ಸ್ಟ್ಯಾಂಡಿನವರೆಗೆ ನನ್ನ ಚೀಲ ಹಿಡಿದು ಜೊತೆಗೆ ನಡೆದರು. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು ನಿಂತಿದ್ದರು, ನಾನು ಮತ್ತೊಮ್ಮೆ ಕೇಳಿದೆ. ಆಮೇಲೆ ಎಷ್ಟೋ ಭಾನುವಾರ ಅವರು ಮನೆಗೆ ಬಂದಿದ್ದಾರೆ, ಮಳೆ, ಬಸ್ಸು, ಕೊಬ್ಬರಿಯ ಬಗ್ಗೆ ಮಾತಾಡಿದ್ದಾರೆ, ಇದಕ್ಕೆ ಮಾತ್ರ ಈವರೆಗೂ ಉತ್ತರ ಕೊಟ್ಟಿಲ್ಲ.

"ಹೇಳಿ ಚಿಕ್ಕಪ್ಪ, ಅವತ್ತು ನೀರೊಳಗೆ ನೀವಂದದ್ದು ಅಡ್ಡ ಅಂತಲಾ, ಅಣ್ಣ ಅಂತಲಾ?"