ಸ್ಟ್ಯಾಂಡಿನ ಮೂರನೇ ಕಾಲು

ಫೋಟೊ ತೆಗೆಯೋನಿಗೆ ಎಲ್ಲರೂ ಕೇಳೋದು ಕ್ಯಾಮೆರಾ ಯಾವುದು ಅಂತ. ಸ್ಟ್ಯಾಂಡು ಯಾವುದು ಅಂತ ಒಬ್ಬರೂ ಕೇಳಲ್ಲ. ನಾನು ಈ ಕಸುಬಿನಲ್ಲಿ ನಗೆಪಾಟಲಾದದ್ದೆಲ್ಲ ಸ್ಟ್ಯಾಂಡಿನಿಂದ. ಅದನ್ನು ಹೆಗಲಿಗೆ ಹಾಕಿಕೊಂಡು ಪಾಂಡವಪುರದಲ್ಲಿ ಬಸ್ಸು ಹತ್ತಿದೆ ಅಂದರೆ ಏನೋ ಒಂದು ಆಗಿಯೇ ತೀರೋದು. ನಾನು ಓದಿದ್ದು ಕಡಮೆ. ಬರೆಯೋದು ನಿಧಾನ. ಆದದ್ದನ್ನ ಆದ ಹಾಗೆ ಬರೀತೀನಿ.

ಉಸಿರು

ನನಗೆ ಕೆಲಸ ಕಲಿಸಿದ ಸ್ಟುಡಿಯೋದವರು ಅಂಗಡಿ ಮುಚ್ಚುವಾಗ ತಮ್ಮ ಸ್ಟ್ಯಾಂಡು ನನಗೆ ಕೊಟ್ಟರು. ಮೂರು ಕಾಲು. ಎರಡು ನೆಟ್ಟಗಿದ್ದವು. ಮೂರನೇದರ ತಿರುಪು ಸವೆದಿತ್ತು. ಎಷ್ಟು ಬಿಗಿ ಮಾಡಿದರೂ ಮೆಲ್ಲಗೆ ಒಳಕ್ಕೆ ಜಾರೋದು. ಕ್ಯಾಮೆರಾ ತೂಕಡಿಸೋರ ತಲೆ ಥರ ಮುಂದಕ್ಕೆ ಬಾಗೋದು.

ಮದುವೆಯಾದ ಮೇಲೆ ಅದು ಸರಿಹೋಯ್ತು. ನನ್ನ ಹೆಂಡತಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಆ ಕಾಲನ್ನ ಎರಡು ಕೈಯಲ್ಲೂ ಹಿಡಿಯೋಳು. ಹೊಸದು ತಗೊಳ್ಳೋಣ ಕಣೆ ಅಂದರೆ, ಯಾಕೆ, ನಾನಿಲ್ವಾ ಅನ್ನೋಳು. ಸುಮ್ಮನೆ ಹಿಡಿಯೋಳೂ ಅಲ್ಲ. ಅಲ್ಲಿಂದಲೇ ಎದುರಿಗಿದ್ದವರನ್ನ ದುರುಗುಟ್ಟಿ ನೋಡೋಳು. ಅಳ್ಳಾಡಬ್ಯಾಡಿ ಅನ್ನೋಳು. ಉಸ್ರು ಬುಡಬ್ಯಾಡಿ ಅನ್ನೋಳು. ಸಾಹೇಬರಾದರೂ ಅಷ್ಟೇ, ಮದುವೆ ಹೆಣ್ಣಾದರೂ ಅಷ್ಟೇ.

ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕದ ಛತ್ರದಲ್ಲಿ ಒಂದು ಮದುವೆ. ಕರೆಂಟು ಹೋಗಿತ್ತು. ಬೀಗರೆಲ್ಲ ಸಾಲಾಗಿ ನಿಂತರು. ಇವಳು ಕಾಲು ಹಿಡಿದು, ಉಸ್ರು ಬುಡಬ್ಯಾಡಿ ಅಂದಳು. ಎಲ್ಲರೂ ಉಸಿರು ಎಳೆದುಕೊಂಡು ನಿಂತರು. ನಾನು ಒತ್ತಿದೆ. ರೀಲು ಮುಗಿದಿತ್ತು. ಹಳೇದು ಬಿಚ್ಚಿ ಹೊಸದು ಹಾಕಲಿಕ್ಕೆ ಶುರು ಮಾಡಿದೆ. ಅವರಿಗೆ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಇವಳಿಗೆ ಹೊಳೆದಿತ್ತು, ಹೇಳಲಿಲ್ಲ.

ಹೆಣ್ಣಿನ ಸೋದರಮಾವ ದಪ್ಪ ಆಸಾಮಿ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಇಸ್ಕೂಲು ಮಕ್ಕಳ ಹಾಗೆ ಒಂದು ಬೆರಳು ಎತ್ತಿದರು.

"ಯವ್ವಾ, ಬುಡಬೌದಾ?"

"ತಡೀರಿ ವಸಿ."

ಆ ಫೋಟೊ ಈಗಲೂ ಅವರ ನಡುಮನೆಯಲ್ಲಿ ಇದೆ. ಎಲ್ಲರ ಕಣ್ಣೂ ಹೊರಗೆ, ಕೆನ್ನೆ ಊದಿಕೊಂಡಿದೆ. ಬಂದವರು, ಇದೇನು ಹೊಳೆ ಒಳಗೆ ಮುಳುಗಿ ತೆಗೆಸ್ಕಂಡ್ರಾ ಅಂತ ಕೇಳ್ತಾರಂತೆ.

ಹೇಳಿದ್ದು ಕೇಳಿದವರು

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಅವರನ್ನ ಕುರ್ಚಿ ಮೇಲೆ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೊ ತೆಗೆಸ್ತಾರೆ. ಎಷ್ಟೋ ಜನಕ್ಕೆ ಜೀವಮಾನದಲ್ಲಿ ಅದೇ ಮೊದಲನೇ ಫೋಟೊ. ಅದರಿಂದಲೇ ಮುಖ ದೊಡ್ಡದು ಮಾಡಿಸಿ ಗೋಡೆಗೆ ಹಾಕ್ತಾರೆ. ವರ್ಷಕ್ಕೆ ಎಡೆ ಇಡುವಾಗ ಎದುರಿಗೆ ಅದೇ ಇರಬೇಕು.

ನಾಗಮಂಗಲದ ಕಡೆಯ ಒಂದು ಹಳ್ಳಿಯಿಂದ ಅಂಥ ಕರೆ ಬಂತು. ತೀರಿಕೊಂಡ ಯಜಮಾನರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸುತ್ತ ನಿಂತಿದ್ದರು. ಅಳುವವರು ಅಳುತ್ತಿದ್ದರು. ಯಾರು ಪಕ್ಕದಲ್ಲಿ ನಿಲ್ಲಬೇಕು ಅಂತ ಇಬ್ಬರು ಸೊಸೆಯರು ಮೊಣಕೈಯಲ್ಲೇ ಜಗಳ ಆಡುತ್ತಿದ್ದರು. ಅಳ್ಳಾಡಬ್ಯಾಡಿ ಅಂತ ಇವಳು ಹೇಳಿದಳು. ತೆಗೆದೆ.

ಫೋಟೊ ಇಸಕೊಳ್ಳಲಿಕ್ಕೆ ಗಂಡುಮಕ್ಕಳು ಬಂದರು. ನೋಡಿ ಸಿಟ್ಟಾದರು. ಯಜಮಾನರು ಮೀಸೆಯ ಒಂದೊಂದು ಕೂದಲೂ ಎಣಿಸೋ ಹಾಗೆ ಬಂದಿದ್ದರು. ಮಿಕ್ಕವರೆಲ್ಲ ಹೊಗೆ.

"ಇದೇನಣ್ಣ, ನಮ್ಮಪ್ಪ ಬದುಕವ್ರೆ, ನಾವೆಲ್ಲ ದೆವ್ವ ಆಗಿವಿ" ಅಂದ ದೊಡ್ಡವನು.

ಹೆಂಡತಿ ಒಳಗಿಂದ ಬಂದಳು. ಫೋಟೊ ಇಸಕೊಂಡು ನೋಡಿದಳು.

"ನಾನೇನ್ ಮಾಡ್ಲಪ್ಪಾ. ಏಳಿದ್ದ ಕೇಳ್ದೋರು ಇವ್ರೊಬ್ರೇಯ."

ಕಾಗೆ

ಆಮೇಲೆ ಅವಳು ಹೋದಳು. ಜ್ವರ ಅಂತ ಮಲಗಿದಳು, ಏಳಲಿಲ್ಲ. ಅದರಲ್ಲಿ ನಗೋದು ಏನೂ ಇಲ್ಲ.

ನೆಂಟರೆಲ್ಲ ಬಂದರು. ಕೆ.ಆರ್. ಪೇಟೆ ಕಡೆಯಿಂದ ಬಾಮೈದ ಬಂದ. ಅವಳನ್ನ ನಮ್ಮ ಕುರ್ಚಿಯಲ್ಲೇ ಕೂರಿಸಿದರು. ನನ್ನ ಸ್ಟುಡಿಯೋದಲ್ಲಿ ಗಿರಾಕಿಗಳು ಕೂರುತ್ತಿದ್ದ ಕುರ್ಚಿ. ಬೇರೆ ಸ್ಟುಡಿಯೋದವರನ್ನ ಕರೆಯೋಣ ಅಂತ ಒಬ್ಬರು ಅಂದರು. ಇನ್ನೊಬ್ಬರು, ಮನೇಲೇ ಇಟ್ಕಂಡು ಯಾಕೆ ಅಂದರು. ಹಾಗೆ ನಾನೇ ತೆಗೆಯೋದು ಅಂತ ಆಯ್ತು.

ಸ್ಟ್ಯಾಂಡು ನಿಲ್ಲಿಸಿದೆ. ಕಣ್ಣಿಟ್ಟು ನೋಡಿದೆ. ಆಮೇಲೆ ನೋಡಲಿಕ್ಕೆ ಆಗಲಿಲ್ಲ. ತಲೆ ಬೇರೆ ಕಡೆ ತಿರುಗಿಸಿ ಒತ್ತಿದೆ. ಎರಡನೇದು ತೆಗೆಯೋಕೆ ಕೈ ಬರಲಿಲ್ಲ.

ಮನೇಲಿ ಅವಳದು ಬೇರೆ ಫೋಟೊ ಒಂದೂ ಇರಲಿಲ್ಲ. ಕಾಲು ಬಿಟ್ಟು ಎದುರಿಗೆ ಬಂದರೆ ಕ್ಯಾಮೆರಾ ಬಾಗೋದು. ಕೈಯಲ್ಲೇ ಹಿಡಿದು ತೆಗೀತೀನಿ ಬಾ ಅಂದರೆ, ರೀಲು ದಂಡ ಅನ್ನೋಳು.

ತಿಥಿ ಮುಗಿದ ಮೇಲೆ ರೀಲು ತೊಳೆಸಿದೆ. ಮೂರನೇ ಕಾಲು ಜಾರಿತ್ತು. ಈ ಸಲ ಮುಂದಕ್ಕಲ್ಲ, ಹಿಂದಕ್ಕೆ. ಫೋಟೊದಲ್ಲಿ ಹೆಂಚು ಇತ್ತು. ಅರ್ಧ ತೆಂಗಿನ ಗರಿ ಇತ್ತು. ಒಂದು ಕಾಗೆ ಕೂತಿತ್ತು. ಕಾಗೆ ಚೆನ್ನಾಗಿ ಬಂದಿತ್ತು.

ಬಾಮೈದ ಫೋಟೊ ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕ ಎಲ್ಲಿ ಬಾವ?"

ಕಾಲು ಜಾರಿತು ಅಂದೆ.

"ಅಷ್ಟು ಜನ ಇದ್ವಲ್ಲ. ಕಾಲು ಇಡ್ಕಳಕೆ ಯಾರ್ನಾರ ಕರೀಬಾರ್ದಾಗಿತ್ತಾ?"

"ಇಡ್ಕಳೋಳು ಕುರ್ಚಿ ಮ್ಯಾಲೆ ಕುಂತಿದ್ಲು ಕಣ್ಲಾ."

ಅವನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಹೊರಗೆ ಹೋಗಿ ಬೀಡಿ ಹಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಹೊರಗಿಂದ ನಗೋದು ಕೇಳಿಸಿತು. ಆಮೇಲೆ ಮೂಗು ಸೀಟೋದು ಕೇಳಿಸಿತು.

ನಾಲ್ಕು ಕಣ್ಣು

ವರ್ಷದ ಎಡೆ ಹತ್ತಿರ ಬಂತು. ಎದುರಿಗೆ ಕಾಗೆ ಫೋಟೊ ಇಡೋ ಹಾಗಿಲ್ಲ.

ಬಾಮೈದನಿಗೇ ಜ್ಞಾಪಕ ಬಂತು. ಅವನ ಮದುವೆಗೆ ಗಂಡಿನ ಕಡೆಯಿಂದ ಫೋಟೊ ತೆಗೆದದ್ದು ನಾನು. ಹೆಣ್ಣಿನ ಕಡೆಯವರು ಕೆ.ಆರ್. ಪೇಟೆಯ ಒಬ್ಬ ಸ್ಟುಡಿಯೋದವನನ್ನ ಕರೆಸಿದ್ದರು. ಅವನು ತೆಗೆದ ಒಂದು ಫೋಟೊದ ಮೂಲೆಯಲ್ಲಿ ನನ್ನ ಸ್ಟ್ಯಾಂಡು ಬಿದ್ದಿತ್ತು. ಅದರ ಬುಡದಲ್ಲಿ ಇವಳು. ಕಾಲು ಹಿಡಿದು, ದುರುಗುಟ್ಟಿಕೊಂಡು. ಹೆಬ್ಬೆಟ್ಟಿನ ಉಗುರಿನಷ್ಟು ಮುಖ, ಆದರೆ ಸ್ಪಷ್ಟ.

ಆಲ್ಬಂ ಕೊಡು, ತಗೊಂಡು ಹೋಗ್ತೀನಿ ಅಂದೆ. ಅವನ ಹೆಂಡತಿ ಬಿಡಲಿಲ್ಲ. ಹಿಂದೆ ಯಾರೋ ನೆಂಟರು ಒಯ್ದು, ಸೀರೆ ಚೆನ್ನಾಗಿ ಬಂದ ಫೋಟೊಗಳೆಲ್ಲ ಕಿತ್ತುಕೊಂಡು ಮಿಕ್ಕದ್ದು ವಾಪಸ್ಸು ಕೊಟ್ಟಿದ್ದರಂತೆ. ಹಾಗಾಗಿ ನಾನೇ ಅವರ ಊರಿಗೆ ಹೋಗಿ ಫೋಟೊದ ಫೋಟೊ ತೆಗೆಯಬೇಕು.

ಅದು ಸುಲಭ ಅಲ್ಲ. ಫ್ಲ್ಯಾಷ್ ಹಾಕಿದರೆ ಹೊಳಪು ಕಾಗದದ ಮೇಲೆ ಬಿಳಿ ಚುಕ್ಕೆ ಕೂರುತ್ತೆ. ಬಿಸಿಲು ಬಿದ್ದರೂ ಅಷ್ಟೇ. ನೆರಳಿನಲ್ಲಿ, ತೀರಾ ಹತ್ತಿರ ಇಟ್ಟು, ಕ್ಯಾಮೆರಾದ ಕಣ್ಣು ಜಾಸ್ತಿ ಹೊತ್ತು ತೆರೆದಿರಬೇಕು. ಅಷ್ಟು ಹೊತ್ತೂ ಸ್ಟ್ಯಾಂಡು ಕೂದಲಷ್ಟೂ ಅಳ್ಳಾಡಬಾರದು.

ಹಳೇ ಸ್ಟ್ಯಾಂಡು ತಗೊಂಡೇ ಹೋಗಿ, ಮೂರನೇ ಕಾಲಿಗೆ ಹಗ್ಗ ಸುತ್ತಿದೆ. ಕಲ್ಲು ಒತ್ತಾಗಿಟ್ಟೆ. ತೆಗೆದೆ. ತೊಳೆಸಿ ಬಾಮೈದನಿಗೆ ತೋರಿಸಿದೆ.

"ಅಕ್ಕಂಗೆ ನಾಕು ಕಣ್ಣು ಬಂದವಲ್ಲ ಬಾವ."

"ಇದ್ದಾಗ್ಲೂ ಅಷ್ಟೇ ಇದ್ದೊ ಬುಡು" ಅಂದೆ.

ಗಟ್ಟಿ ಸ್ಟ್ಯಾಂಡು

ಅಲ್ಲಿಗೆ ಹೊಸ ಸ್ಟ್ಯಾಂಡು ತಗೊಳ್ಳದೆ ಗತಿ ಇಲ್ಲ ಅಂತ ಆಯ್ತು.

ಅವಳು ಏನು ತಗೊಂಡರೂ ಒಂದು ಪರೀಕ್ಷೆ ಮಾಡೋಳು. ಮಂಚ ಆಗಲಿ, ಏಣಿ ಆಗಲಿ, ಅಂಗಡಿಯವನ ಮಾತು ಕೇಳೋಳಲ್ಲ. ಕಾಲಲ್ಲಿ ಜೋರಾಗಿ ಒತ್ತೋಳು. ಕಿರ್ ಅಂದರೆ ಬೇಡ. ನಾನೂ ಅದನ್ನೇ ಮಾಡೋದು ಅಂತ ಹೊರಟೆ.

ಮೊದಲು ಆ ಕೆ.ಆರ್. ಪೇಟೆಯ ಸ್ಟುಡಿಯೋದವನ ಹತ್ತಿರ ಹೋದೆ. ಒಂದು ಸ್ಟ್ಯಾಂಡು ಮಾರೋದಿದೆ ಅಂದಿದ್ದ. ಬೆಳ್ಳಿ ಥರ ಹೊಳೀತಿತ್ತು. ಒಂದು ಬೆರಳಲ್ಲಿ ಎತ್ತಬಹುದಿತ್ತು. ಅದರ ಮೇಲೆ ಅವನ ಅಂಗಿ ನೇತಾಡ್ತಿತ್ತು. ನಾನು ಕಾಲು ಎತ್ತಿದೆ. ಒತ್ತಬ್ಯಾಡಿ ಅಂತ ಅಡ್ಡ ಬಂದ. ಗಟ್ಟಿ ಇದೆಯಾ ಅಂತ ಕೇಳಿದೆ. ತಂದಾಗಿನಿಂದ ಒಂದು ಸಲಾನೂ ಬಿದ್ದಿಲ್ಲ ಅಂದ.

"ಕ್ಯಾಮೆರಾ ಮಡಗಿದ್ರಾ?"

"ಇಲ್ಲ. ಮಡಗುದ್ರೆ ಬೀಳ್ತದೆ."

ಆಮೇಲೆ ಶ್ರೀರಂಗಪಟ್ಟಣದ ವೆಲ್ಡಿಂಗ್ ಸಾಬರು. ಟ್ರಾಕ್ಟರಿನ ಟ್ರೇಲರು ರಿಪೇರಿ ಮಾಡೋರು. ಕಾಲಲ್ಲಿ ಒತ್ತಿದರೂ ಅಳ್ಳಾಡಬಾರದು, ಅಂಥ ಸ್ಟ್ಯಾಂಡು ಬೇಕು ಅಂದೆ. ಮಜಬೂತ್ ಬೇಕು ಅಷ್ಟೇ ತಾನೆ, ಬಿಡಿ ನನಗೆ ಅಂದರು. ಅಂಗಡಿ ಮುಂದೆ ನೆಲದ ಮೇಲೇ ಕೂತು ಮಾಡಿದರು. ನಾನು ಹೋದಾಗ ಮುಗಿದಿತ್ತು. ಕಾಲಲ್ಲಿ ಒತ್ತಿದೆ. ಹತ್ತಿ ಕೂತೆ. ಸಾಬರೂ ಹತ್ತಿ ಕೂತರು. ಅಲ್ಲಿಗೇ ಟೀ ತರಿಸಿದರು, ಮೇಲೆ ಕೂತೇ ಕುಡಿದೆವು. ಒಂದು ಹನಿ ತುಳುಕಲಿಲ್ಲ. ಇದೇ ಸ್ಟ್ಯಾಂಡು ಅಂದುಕೊಂಡೆ. ಇಳಿದು ಎತ್ತಿದೆ. ಏಳಲಿಲ್ಲ. ಸಾಬರೂ ಕೈ ಹಾಕಿದರು. ಏಳಲಿಲ್ಲ.

"ನೋಡಿ ಭಾಯ್" ಅಂದರು ಸಾಬರು, ಬೆವರು ಒರೆಸಿಕೊಂಡು, "ಮಜಬೂತ್ ಬೇಕು ಅಂದ್ರಿ. ಮನೇಗೆ ತಗೊಂಡು ಹೋಗ್ಬೇಕು ಅಂತ ಹೇಳ್ಲೇ ಇಲ್ಲ."

ಈಗ ಅದರ ಮೇಲೆ ಅವರ ನೀರಿನ ಡ್ರಮ್ಮು ಇದೆ. ಇವತ್ತಿನವರೆಗೂ ಡ್ರಮ್ಮು ಅಳ್ಳಾಡಿಲ್ಲ.

ಅವರಿಗೂ ಬೇಜಾರಾಗಿತ್ತು. ಕೆ.ಆರ್.ಎಸ್. ರಸ್ತೆಯಲ್ಲಿ, ಬೆಳಗೊಳದ ಹತ್ತಿರ ಒಂದು ಗುಜರಿ ಅಂಗಡಿ ಇದೆ, ನೋಡಿ ಅಂದರು. ಹೋದೆ. ಹಳೇ ನಲ್ಲಿ, ಹಾರೆಗಳ ನಡುವೆ ಅದು ನಿಂತಿತ್ತು. ನಾಲೆ ಸರ್ವೆಗೆ ಬರೋರು ಮೇಲೆ ದುರ್ಬೀನು ಇಟ್ಟು ಅಳೀತಾರಲ್ಲ, ಆ ಮರದ ಸ್ಟ್ಯಾಂಡು. ಕಾಲಿನ ತುದಿಗೆ ಕಬ್ಬಿಣದ ಮೊಳೆ. ಕಾಲಲ್ಲಿ ಒತ್ತಿದೆ. ಕಿರ್ ಅನ್ನಲಿಲ್ಲ. ಎತ್ತಿದೆ. ಎದ್ದಿತು. ಎರಡನೇ ಪರೀಕ್ಷೆ ಸಾಬರಿಂದ ಕಲಿತದ್ದು.

ಏನು ಅಳೀಬೇಕು ಅಂತ ಗುಜರಿಯವನು ಕೇಳಿದ. ಏನೂ ಇಲ್ಲ ಅಂದೆ. ಎಲ್ಲರೂ ಇಂಗೇ ಅಂತಾರೆ ಅಂದ. ಆ ಮಾತು ಆಗ ನನಗೆ ಅರ್ಥ ಆಗಲಿಲ್ಲ. ಕ್ಯಾಮೆರಾ ಕೂರಲಿಕ್ಕೆ ಸಾಬರು ಮೇಲೊಂದು ತಗಡು ಕೂರಿಸಿಕೊಟ್ಟರು. ಮಾಡೋ ಮುಂಚೆ, ಇದು ಹಗುರ ಇರಬೇಕು ತಾನೆ ಅಂತ ಕೇಳಿಕೊಂಡರು.

ನಾಲೆ ಬಂತು

ಬಾಮೈದನ ಊರಿನಲ್ಲಿ ಇಳಿದೆ. ಸ್ಟ್ಯಾಂಡು ಹೆಗಲ ಮೇಲೆ. ಅವರ ಕೊಟ್ಟಿಗೆ ಗೋಡೆ ಬೀದಿ ಕಡೆ, ಅಲ್ಲಿ ಒಳ್ಳೇ ನೆರಳು. ಗೋಡೆಗೆ ಒರಗಿಸಿ ಆಲ್ಬಂ ನಿಲ್ಲಿಸಿದೆ. ಸ್ಟ್ಯಾಂಡಿನ ಕಾಲು ಅಗಲಿಸಿ ಮೊಳೆಗಳನ್ನ ಮಣ್ಣಿಗೆ ತುಳಿದೆ. ಹುಲ್ಲಿನ ಹೊರೆ ಹೊತ್ತು ಬರ್ತಿದ್ದವನು ನೋಡಿದ. ಹೊರೆ ಅಲ್ಲೇ ಹಾಕಿ ಓಡಿದ.

ಸ್ವಲ್ಪ ಹೊತ್ತಿಗೆ ಊರು ಬಂತು. ಒಬ್ಬರು ಕಾಫಿ ತಂದರು. ಒಬ್ಬರು ಎಳನೀರು ತಂದರು. ಎಳನೀರಿನವರು ಮಚ್ಚನ್ನೂ ತಂದಿದ್ದರು, ಕಾಯಿ ಕೆತ್ತಿದ ಮೇಲೂ ಕೆಳಗಿಡಲಿಲ್ಲ. ಒಬ್ಬ ವಯಸ್ಸಾದ ಯಜಮಾನರು ಮುಂದೆ ಬಂದರು.

"ನಾಲೆ ಎಲ್ಲಿಗಂಟ ಓಯ್ತದೆ ಸ್ವಾಮಿ?"

ನಾಲೆ ಅಲ್ಲ, ಫೋಟೊ ಅಂದೆ.

"ಓದ್ಸಲ ಸರ್ವೆಗೆ ಬಂದೋನೂ ಫೋಟೊ ಅಂತ್ಲೇ ಅಂದ."

ಹಿಂದೆ ಮಾತು ಬೆಳೀತು. ಕೊಟ್ಟಿಗೆ ಕಡೆಗೇ ತಿರುಗಿಸವ್ನೆ, ಕೊಟ್ಟಿಗೆ ಓಯ್ತು ಬುಡು ಅಂತ ಒಬ್ಬ. ಪಕ್ಕದ ಮನೆಯವನಿಗೆ ಅದು ಸಂತೋಷ. ಕೊಟ್ಟಿಗೆ ನನ್ನ ಜಾಗಕ್ಕೆ ಒಂದು ಮೊಳ ಬಂದದೆ, ಅದನ್ನೂ ಬರ್ಕಳಿ ಸ್ವಾಮಿ ಅಂದ. ಗಲಾಟೆ ಕೇಳಿ ಬಾಮೈದ ಆಚೆ ಬಂದ.

"ಲೇ, ಇವ್ರು ನಮ್ ಬಾವ ಕಣ್ರಲಾ."

"ನೋಡ್ರಲಾ" ಅಂದ ಪಕ್ಕದ ಮನೆಯವನು. "ಬಾವನ್ನೇ ಸರ್ವೆಗೆ ಸೇರ್ಸ್ಬುಟ್ಟವ್ನೆ."

ಎಲ್ಲರೂ ಹತ್ತಿರಕ್ಕೆ ಬಂದರು. ಅಷ್ಟು ಜನ ತುಳಿದಾಡಿದರೆ ನೆಲ ಅದುರುತ್ತೆ. ನೆಲ ಅದುರಿದರೆ ನಾಲ್ಕು ಕಣ್ಣು. ಎಡೆ ಮಾರನೇ ವಾರ. ನೀವೇ ನೋಡಿ ಅಂತ ಯಜಮಾನರಿಗೆ ಜಾಗ ಬಿಟ್ಟೆ.

ಅವರು ಬಗ್ಗಿ, ಒಂದು ಕಣ್ಣನ್ನ ಕೈಯಲ್ಲಿ ಮುಚ್ಚಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು.

"ಇದು ನಮ್ಮೂರ ಉಡುಗಿ ಅಲ್ವಾ?"

ಹೂಂ ಅಂದೆ.

"ತೀರೋದ್ಲಂತಲ್ಲ."

ಹೂಂ ಅಂದೆ.

"ಯಾಕಿಂಗೆ ನೋಡ್ತಾವ್ಳೆ?"

"ಅಳ್ಳಾಡಬ್ಯಾಡಿ ಅಂತಾವ್ಳೆ" ಅಂದೆ.

ಯಜಮಾನರು ನೆಟ್ಟಗೆ ನಿಂತರು. ಇವನ ಮದ್ವೇಲಿ ನನಗೂ ಅಂಗೇ ಅಂದಿದ್ಲು ಅಂದರು. ಹೆಗಲ ಮೇಲಿನ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಊರ ಕಡೆ ತಿರುಗಿದರು.

"ಯಾರೂ ಅಳ್ಳಾಡಬ್ಯಾಡಿ ಕಣ್ರಲಾ. ಉಸ್ರೂ ಬುಡಬ್ಯಾಡಿ."

ಊರು ನಿಂತಿತು. ಕಾಫಿಯವರು ಲೋಟ ಹಿಡಿದು ನಿಂತರು. ಮಚ್ಚಿನವರು ಮಚ್ಚು ಎತ್ತಿದ್ದ ಕಡೆಯೇ ನಿಲ್ಲಿಸಿದರು. ಪಕ್ಕದ ಮನೆಯವನು ಒಂದು ಮೊಳ ತೋರಿಸಿದ ಕೈ ಹಾಗೇ ಇಟ್ಟ.

ಆ ಫೋಟೊ ಚೆನ್ನಾಗಿ ಬಂತು. ಕಣ್ಣು ಎರಡೇ ಬಂದವು. ಎಡೆ ಎದುರಿಗೆ ಇಟ್ಟದ್ದೂ ಆಯ್ತು. ಆದರೆ ಅವತ್ತಿನದು ಇನ್ನೂ ಸ್ವಲ್ಪ ಇದೆ.

ನಾನು ಕಣ್ಣಿಟ್ಟೆ. ಇವಳು ನನ್ನನ್ನೇ ನೋಡ್ತಿದ್ದಳು. ಒತ್ತಿದೆ. ಕ್ಯಾಮೆರಾದ ಕಣ್ಣು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಕೆಲಸ ಮುಗಿದಿತ್ತು. ನಾನು ತಲೆ ಎತ್ತಲಿಲ್ಲ. ಸ್ಟ್ಯಾಂಡು ಗಟ್ಟಿಯಾಗಿ ನಿಂತಿತ್ತು. ಅವಳೂ ಎಲ್ಲೂ ಹೋಗದೆ ಅಲ್ಲೇ ಕೂತಿದ್ದಳು.

ಹಿಂದಿನಿಂದ ಯಜಮಾನರ ದನಿ ಬಂತು, ಸಣ್ಣಗೆ, ಉಸಿರು ಬಿಗಿಹಿಡಿದುಕೊಂಡೇ.

"ಅಣ್ಣಾ, ಬುಡಬೌದಾ?"

"ತಡೀರಿ ವಸಿ" ಅಂದೆ.