ಹೊದಿಕೆ ಕಸ ಮತ್ತು ಬೇಲಿ ಆಚೆಯ ಯಜಮಾನರು

ಹಿರಿಯೂರು ಬಿಟ್ಟು ಹೊಸದುರ್ಗದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ತೆಂಗಿನ ತೋಟ. ತಿಂಗಳಿಗೊಮ್ಮೆ ಸುತ್ತಲಿನ ಊರವರನ್ನು ಕರೆದು ಸಾವಯವ ಕೃಷಿಯ ಪಾಠ ಮಾಡುತ್ತೇನೆ. ಒಂದು ಪಾಠವೂ ನಾನಂದುಕೊಂಡಂತೆ ನಡೆದಿಲ್ಲ. ನನಗಿದ್ದ ಆಸೆ ಒಂದೇ, ಬೇಲಿ ಆಚೆಯ ತೋಟದ ಯಜಮಾನರು ತೆಂಗಿನ ಗರಿಗೆ ಬೆಂಕಿ ಇಡುವುದನ್ನು ಬಿಡಬೇಕು. ಅವರು ಬಿಟ್ಟರೆ ಊರೇ ಬಿಡುತ್ತದೆ. ಪಾಠಕ್ಕೆ ಕರೆದಾಗಲೆಲ್ಲ "ಬರ್ತೀನಿ ಬಿಡಪ್ಪ" ಅನ್ನುತ್ತಿದ್ದರು. ಬರುವುದಿಲ್ಲ ಎಂದು ಅರ್ಥ.

ಜೀವಾಮೃತ

ಸಗಣಿ, ಗಂಜಲ, ಬೆಲ್ಲ, ಕಡ್ಲೆಹಿಟ್ಟು ನೀರಿಗೆ ಕಲಸಿ ಕೊಳೆಸಿ ಗಿಡಕ್ಕೆ ಹಾಕುವುದೇ ಜೀವಾಮೃತ. ಸಗಣಿ, ಗಂಜಲ ಡ್ರಮ್ಮಿನ ಪಕ್ಕ ಇಟ್ಟೆ. ಇರುವೆ ಮುತ್ತೀತೆಂದು ಬೆಲ್ಲ, ಹಿಟ್ಟು ಅಡುಗೆಮನೆಯಲ್ಲಿಟ್ಟೆ. ಜನ ಸೇರಿದ ಮೇಲೆ ತರಲು ಹೋದರೆ ಅಡುಗೆಯಾಕೆ ಅದರಲ್ಲೇ ಉಂಡೆ ಕಟ್ಟುತ್ತಿದ್ದರು.

"ಅಕ್ಕಾ, ಅದು ಗಿಡಕ್ಕೆ ತಂದಿದ್ದು!"

"ಗಿಡಕ್ಯಾಕಣ್ಣ ಕಡ್ಲೆಹಿಟ್ಟು? ಜನ ಹೊಳಲ್ಕೆರೆಯಿಂದ ಬಂದವ್ರೆ."

ಪಾಠ ಹೇಗಿತ್ತೆಂದು ಕೊನೆಗೆ ಎಲ್ಲರನ್ನೂ ಕೇಳಿದೆ. ತುಪ್ಪ ಇನ್ನೊಂಚೂರು ಬೇಕಿತ್ತು ಅಂದರು.

ಎರೆಹುಳು

ಊರಿನ ಮಹಿಳಾ ಸಂಘದ ಹೆಂಗಸರಿಗೆ ಮನೆಯಲ್ಲೇ ಗೊಬ್ಬರ ಮಾಡಿಕೊಳ್ಳಲಿ ಎಂದು ಎರೆಹುಳು ಕೊಟ್ಟು ಕಳಿಸಿದ್ದೆ. ಮುಂದಿನ ತಿಂಗಳು ಬಂದಾಗ "ಹುಳ ಹೇಗವೆ?" ಎಂದು ಕೇಳಿದೆ.

"ಕೋಳಿ ಬಾಳ ಚೆನ್ನಾಗವೆ ಸಾರ್. ಇನ್ನೊಂದಿಷ್ಟು ಕೊಡ್ರಿ."

ಕಸ

ತರಗು, ಗರಿ ಮರದ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲೂ ಮಣ್ಣು ತೇವ ಇರುತ್ತದೆ. ಅದನ್ನು ತೋರಿಸಲೆಂದೇ ಕಷ್ಟಪಟ್ಟು ತೋಟದ ತುಂಬ ಹೊದಿಕೆ ಹಾಸಿದ್ದೆ. ಪಾಠದ ದಿನ ಬೆಳಿಗ್ಗೆ ಹೋಗಿ ನೋಡಿದರೆ ನೆಲವೆಲ್ಲ ಕನ್ನಡಿ. ಒಂದೊಂದು ತೆಂಗಿನ ಬುಡಕ್ಕೂ ನೀರು ಚಿಮುಕಿಸಿ ರಂಗೋಲಿ ಬಿಟ್ಟಿದ್ದಾರೆ. ನನಗೆ ಅಳುವೇ ಬಂತು.

ಕೆಲಸದ ಹೆಂಗಸರು ಪೊರಕೆ ಹಿಡಿದು ನಗುತ್ತ ನಿಂತಿದ್ದರು. "ನಾಕು ಜನ ಬರೋ ಜಾಗದಾಗೆ ಕಸ ಇದ್ರೆ ಮರ್ಯಾದೆ ಏನು ಸಾರ್?"

"ಕಸ ಎಲ್ಲಿ?"

"ಬೇಲಿ ಆಚೆ ಎಸೆದ್ವಿ."

ಅಷ್ಟರಲ್ಲಿ ಯಜಮಾನರು ಟವೆಲ್ಲು ಕೊಡವುತ್ತ ಬಂದೇ ಬಿಟ್ಟರು. "ಏನಪ್ಪ, ನನ್ನ ತೋಟ ಏನು ತಿಪ್ಪೆನಾ?"

ಪಾಠಕ್ಕೆ ಬಂದವರೆಲ್ಲ ನೋಡುತ್ತಿದ್ದರು. ತೋರಿಸಲು ನನ್ನ ಹತ್ತಿರ ಒಂದು ತರಗೆಲೆಯೂ ಉಳಿದಿರಲಿಲ್ಲ. ಎಲ್ಲರನ್ನೂ ಬೇಲಿ ದಾಟಿಸಿ, ಯಜಮಾನರದೇ ತೆಂಗಿನ ಬುಡಕ್ಕೆ ಕಸ ಹರಡಿ ಪಾಠ ಮಾಡಿದೆ. "ಮಳೆ ಬರೋವರೆಗೆ ಸುಡಬೇಡ್ರಿ" ಎಂದು ಅವರಿಗೆ ಕೈ ಮುಗಿದೆ. ತಮ್ಮ ತೋಟಕ್ಕೆ ಬಂದವರ ಮುಂದೆ ಅವರಾದರೂ ಜಗಳ ಹೇಗೆ ಆಡುತ್ತಾರೆ? ಯಜಮಾನರು ಎಲ್ಲರಿಗೂ ಮಜ್ಜಿಗೆ ಕೊಡಿಸಿ ಕಳಿಸಿದರು.

ಬೇಸಿಗೆ ಏರಿತು. ಅವರ ತೋಟದ ಕಡೆಯಿಂದ ಹೊಗೆ ಏಳಲಿಲ್ಲ. ಒಂದು ದಿನ ಯಜಮಾನರೇ ನಮ್ಮ ಗೇಟಿಗೆ ಬಂದರು.

"ಕಸದ ಬುಡದಾಗೆ ಒಳ್ಳೆ ತೇವ ಐತಪ್ಪ. ಮುಂದಿನ ಪಾಠ ಯಾವಾಗ?"

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಬರ್ತೀರಾ ಯಜಮಾನ್ರೆ?"

"ನಾನ್ಯಾಕೆ ಬರ್ಲಿ? ಗುಡಿಸೋ ಹೆಣ್ಮಕ್ಕಳಿಗೆ ಹೇಳು, ಈ ಸಲ ನಮ್ಮ ಬಾವಿ ಕಡೆ ಎಸೀಲಿ. ಅಲ್ಲಿಗೆ ಕಸ ಸಾಲ್ಲಿಲ್ಲ."