ಹದಿನೇಳನೇ ಮನೆಯ ಫಸ್ಟ್ ಕ್ಲಾಸು

ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು ನಾನು. ಅಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಎಪ್ಪತ್ತು ಅಂಕ ಪಡೆದವರು ಇಬ್ಬರೇ. ಅವರಲ್ಲೊಬ್ಬನಿಗೆ ಕೂಡುವಾಗ ಕೈತಪ್ಪಿ ಹೆಚ್ಚು ಕೊಟ್ಟೆನೇನೋ ಎಂಬ ಅನುಮಾನ ಇಂದಿಗೂ ಇದೆ. ಇಂಥ ನಾನು ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಕ್ಯುಪರ್ಟಿನೋದ ಮಗಳ ಮನೆಯ ಊಟದ ಮೇಜಿನ ಮುಂದೆ ಕೂತು ಘೋಷಿಸಿದೆ: "ಇದು ಕಾಲೇಜು ಕೋರ್ಸೇ ಅಲ್ಲ. ನಾನೇ ಸೇರ್ಕೊಂಡು ತೋರಿಸ್ತೀನಿ!"

ವಿಷಯ ಇಷ್ಟೇ. ಮೊಮ್ಮಗಳು ಲಾಸ್ಯಾಗೆ ಹದಿನಾರು ವರ್ಷ. ಹೈಸ್ಕೂಲು ಇನ್ನೂ ಮುಗಿದಿಲ್ಲ, ಆಗಲೇ ಯಾವ ವಯಸ್ಸಿನವರೂ ಸೇರಬಹುದಾದ ಕಮ್ಯುನಿಟಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿದ್ದಳು. ಇದಕ್ಕೆ ಡ್ಯುಯಲ್ ಕ್ರೆಡಿಟ್ ಎನ್ನುತ್ತಾರೆ. ಓದುವುದು ಒಂದು ಸಲ, ಲೆಕ್ಕಕ್ಕೆ ಬರುವುದು ಎರಡು ಕಡೆ: ಹೈಸ್ಕೂಲಿನಲ್ಲೂ ಸೈ, ಕಾಲೇಜಿನಲ್ಲೂ ಸೈ. ತಿಂದ ಒಂದೇ ಇಡ್ಲಿಯನ್ನು ಬೆಳಗಿನ ತಿಂಡಿ ಎಂದೂ ಮಧ್ಯಾಹ್ನದ ಊಟ ಎಂದೂ ಬರೆದುಕೊಂಡಂತೆ!

ಮಗಳು ಮೈಥಿಲಿಯ ಸಂಕಟ ಬೇರೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಜೀವಕೋಶಗಳ ಮೇಲೆ ದಿನವಿಡೀ ಕಣ್ಣಿಟ್ಟಿರುವ ಅವಳಿಗೆ ಮಗಳ ಅಂಕದ ಮೇಲೆ ಕಣ್ಣಿಡಲು ಆಗುತ್ತಿರಲಿಲ್ಲ. ಕಾಲೇಜಿಗೆ ಫೋನ್ ಮಾಡಿದರೆ, "ಅವರು ನಮ್ಮ ವಿದ್ಯಾರ್ಥಿ. ಅಂಕದ ವಿಷಯ ಅವರನ್ನೇ ಕೇಳಿ" ಎಂದು ಇಟ್ಟುಬಿಟ್ಟರು.

"ಹದಿನಾರು ವರ್ಷದವಳು 'ಅವರು' ಅಂತೆ! ಹೆತ್ತವಳಿಗೆ ಹೇಳಲ್ವಂತೆ!" ಎಂದು ಮೈಥಿಲಿ ಕಣ್ಣಲ್ಲಿ ನೀರು ತಂದುಕೊಂಡಳು. "ಅಮ್ಮ, ಈ ಗ್ರೇಡು ಜೀವನಪೂರ್ತಿ ಅವಳ ಟ್ರಾನ್ಸ್‌ಕ್ರಿಪ್ಟಲ್ಲಿ ಇರತ್ತೆ. ಯೂನಿವರ್ಸಿಟಿಯವರು ನೋಡ್ತಾರೆ. 'ಎ' ಬರದೇ ಇದ್ರೆ ಕಥೆ ಮುಗೀತು."

"ವಿದ್ಯಾರ್ಥಿಗೆ ಮಾತ್ರ ಹೇಳ್ತಾರಾ? ಸರಿ, ನಾನೂ ವಿದ್ಯಾರ್ಥಿ ಆಗ್ತೀನಿ," ಎಂದೆ.

"ಅಜ್ಜಿ, ಪ್ಲೀಸ್, ನೋ!" ಎಂದಳು ಲಾಸ್ಯಾ.

ಅಳಿಯ ಶಿವರಾಜ ಮಂಡ್ಯದವರು, ಶಾಂತಿಪ್ರಿಯರು. "ಅತ್ತೆ, ನಿಮ್ಗೆ ಟೈಮ್‌ಪಾಸ್ ಬೇಕಂದ್ರೆ ಲೈಬ್ರರೀಲಿ ಯೋಗ ಕ್ಲಾಸ್ ಇದೆ," ಎಂದರು.

ಟೈಮ್‌ಪಾಸ್! ಡಾಕ್ಟರೇಟ್ ಪಡೆದವಳಿಗೆ! ಅಂದೇ ಅರ್ಜಿ ತುಂಬಿದೆ.

ಆ ಆನ್‌ಲೈನ್ ತರಗತಿಯಲ್ಲಿ ನಾವು ನಲವತ್ತು ಜನ. ಲಾಸ್ಯಾ ನನಗೆ ಒಂದು ಷರತ್ತು ಹಾಕಿದಳು: "ಕ್ಲಾಸಲ್ಲಿ ಯು ಡೋಂಟ್ ನೋ ಮಿ. ಹೋಮ್‌ವರ್ಕ್ ಬಗ್ಗೆ ಮಾತೇ ಇಲ್ಲ." ನಾನು ಸಂತೋಷದಿಂದ ಒಪ್ಪಿದೆ. ಪಕ್ಷಪಾತ ಎಂಬ ಪದವೇ ನನ್ನ ನಿಘಂಟಿನಲ್ಲಿಲ್ಲ.

ಪಾಠ ಮಾಡುತ್ತಿದ್ದ ಪ್ರೊಫೆಸರ್ ಒಕಾಂಪೊ ಮೂವತ್ತು ದಾಟಿರದ ಹುಡುಗ. ಟೋಪಿ ಹಾಕಿಕೊಂಡು ಕಲಿಸುತ್ತಿದ್ದ! ಕಲಿಸುವುದರಲ್ಲಿ ತಪ್ಪು ಹುಡುಕಲು ಮೂರು ವಾರ ಹೆಣಗಿದೆ, ಸಿಗಲಿಲ್ಲ. ಅದು ಇನ್ನೂ ಸಿಟ್ಟು ಬರಿಸಿತು.

ಒಂಬತ್ತನೇ ವಾರ ಬಂತು ನೋಡಿ ಆಪತ್ತು. ಎಲ್ಲರೂ ಒಂದೊಂದು ಸಮೀಕ್ಷೆ ನಡೆಸಿ ವರದಿ ಬರೆಯಬೇಕು. ಅದಕ್ಕೆ ಅಂಕ ಹಾಕುವವರು ಪ್ರೊಫೆಸರ್ ಅಲ್ಲ, ಸಹಪಾಠಿಗಳು! ಒಂದೊಂದು ವರದಿಯನ್ನು ನಾಲ್ವರು ನೋಡಿ ನೂರಕ್ಕೆ ಇಷ್ಟು ಎಂದು ಕೊಡಬೇಕು. ಬರೆದವರ ಹೆಸರು ನೋಡುವವರಿಗೆ ಕಾಣದು, ನೋಡಿದವರ ಹೆಸರು ಬರೆದವರಿಗೆ ಕಾಣದು. ಇಡೀ ಕೋರ್ಸಿನ ಕಾಲುಭಾಗ ಅಂಕ ಇದರ ಮೇಲೆ.

ನನ್ನ ಮೈಯಲ್ಲಿ ಹಳೆಯ ರಕ್ತ ಹರಿಯಿತು. ಮೌಲ್ಯಮಾಪನ! ಹದಿನಾಲ್ಕು ವರ್ಷಗಳ ನಂತರ ಮತ್ತೆ ಉತ್ತರಪತ್ರಿಕೆ! ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಕಂಪ್ಯೂಟರಿನ ಮುಂದೆ ಕೂತೆ.

ನನ್ನ ಪಾಲಿಗೆ ಬಂದ ವರದಿಗಳಲ್ಲಿ ಒಂದು ಬಹಳ ವಿಚಿತ್ರವಾಗಿತ್ತು. ಮೂವತ್ತು ಮನೆಗಳ ಸಮೀಕ್ಷೆ. ಮಗು ಓದಲು ಕೂತ ಒಂದು ಗಂಟೆಯಲ್ಲಿ ಮನೆಯವರು ಎಷ್ಟು ಸಲ ಕೋಣೆಯ ಬಾಗಿಲು ತೆಗೆಯುತ್ತಾರೆ? ಅದರಿಂದ ಅಂಕ ಇಳಿಯುತ್ತದೆಯೇ? ಇಪ್ಪತ್ತೊಂಬತ್ತು ಮನೆಗಳಲ್ಲಿ ಸೊನ್ನೆಯಿಂದ ಮೂರು ಸಲ. ಹದಿನೇಳನೇ ಮನೆಯಲ್ಲಿ ಮಾತ್ರ ಹನ್ನೊಂದು ಸಲ! ತೆಗೆಯುವವರು ಮನೆಯ ಹಿರಿಯ ಮಹಿಳೆ. ಕಾರಣಗಳ ಪಟ್ಟಿಯೂ ಇತ್ತು: ಬಾದಾಮಿ ಕೊಡಲು, ಬಾದಾಮಿ ತಿಂದಾಯಿತೇ ನೋಡಲು, ಬಟ್ಟಲು ಒಯ್ಯಲು, ಬೆನ್ನು ನೆಟ್ಟಗಿದೆಯೇ ಪರೀಕ್ಷಿಸಲು, ಏನೂ ಬೇಡವೇ ಎಂದು ಕೇಳಲು.

ಪಾಪ, ಯಾರ ಮನೆಯ ಮಗುವೋ ಎಂದುಕೊಂಡೆ. ಕ್ಯುಪರ್ಟಿನೋದಲ್ಲಿ ಇಂಥ ಮುದುಕಿಯರು ಬೀದಿಗೆ ನಾಲ್ವರು. ಮಾಡಲು ಕೆಲಸವಿಲ್ಲ, ಮಕ್ಕಳನ್ನು ಓದಲು ಬಿಡುವುದಿಲ್ಲ.

ಆದರೆ ಶಾಸ್ತ್ರ ಶಾಸ್ತ್ರವೇ. ಹದಿನೇಳನೇ ಮನೆ ಔಟ್‌ಲೈಯರ್, ಅಂದರೆ ಗುಂಪು ಬಿಟ್ಟು ದೂರ ಹಾರಿ ನಿಂತ ಅಂಕಿ, ಆದ್ದರಿಂದ ಲೆಕ್ಕದಿಂದ ಕೈಬಿಟ್ಟಿದ್ದೇನೆ ಎಂದು ಆ ವರದಿಯಲ್ಲಿ ಬರೆದಿತ್ತು. ಅದನ್ನು ಒಪ್ಪಲಾಗಲಿಲ್ಲ. "ಹದಿನೇಳನೇ ಮನೆಯ ಹಿರಿಯರನ್ನು ಹೊರಹಾಕಿದ್ದು ಉದ್ಧಟತನ. ಕಾರಣ ಸಾಲದು. ನೆಟ್ಟಗೆ ಕೂತು ಅಧ್ಯಾಯವನ್ನು ಮತ್ತೊಮ್ಮೆ ಓದು" ಎಂದು ಇಂಗ್ಲಿಷಿನಲ್ಲಿ ಖಡಕ್ಕಾಗಿ ಬರೆದೆ. ಉಳಿದದ್ದೆಲ್ಲ ಅಚ್ಚುಕಟ್ಟಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು. ಮನಸ್ಸು ಕರಗಿ, ನನ್ನ ಮಟ್ಟಿಗೆ ಬಲು ಧಾರಾಳವಾಗಿ ಅಂಕ ಕೊಟ್ಟೆ: ಅರವತ್ತೆರಡು! ಫಸ್ಟ್ ಕ್ಲಾಸು!

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಮಹಡಿಯಿಂದ ಲಾಸ್ಯಾ ಕಿರುಚಿದ ಸದ್ದಿಗೆ ದೋಸೆ ಮಡಚಿಕೊಂಡಿತು.

"ಸಮ್‌ಬಡಿ ಗೇವ್ ಮಿ ಅ ಸಿಕ್ಸ್ಟಿ-ಟು!" ಎನ್ನುತ್ತ ಲ್ಯಾಪ್‌ಟಾಪ್ ಹಿಡಿದು ಇಳಿದು ಬಂದಳು. "ಮಿಕ್ಕವರು ತೊಂಬತ್ತೇಳು, ತೊಂಬತ್ತೈದು, ತೊಂಬತ್ತೆಂಟು. ಒಂದು ಸಿಕ್ಸ್ಟಿ-ಟು! ಆವರೇಜು ಎಂಬತ್ತೆಂಟಕ್ಕೆ ಬಂತು. ನನ್ನ 'ಎ' ಹೋಯ್ತು!"

ಮೈಥಿಲಿ ಕುರ್ಚಿಯ ಮೇಲೆ ಕುಸಿದಳು. "ಅರವತ್ತೆರಡಾ? ಯಾರೇ ಆ ಪಾಪಿ?"

"ಯಾಕೆ, ಅರವತ್ತೆರಡು ಒಳ್ಳೇ ಅಂಕ ಅಲ್ವಾ?" ಎಂದೆ. "ನಮ್ಮ ಕಾಲದಲ್ಲಿ ಅರವತ್ತೆರಡು ಬಂದ್ರೆ ಬೀದಿಗೆಲ್ಲಾ ಪೇಡ ಹಂಚ್ತಿದ್ವಿ."

"ಅಮ್ಮ, ಇಲ್ಲಿ ಅರವತ್ತೆರಡು ಅಂದ್ರೆ 'ಡಿ'! ಇನ್ನೊಂದು ಮೆಟ್ಟಿಲು ಇಳಿದ್ರೆ ಫೇಲು!"

ನಾನು ಮೆಲ್ಲಗೆ ಕಾವಲಿಯತ್ತ ತಿರುಗಿದೆ. ಲಾಸ್ಯಾ ಪರದೆ ನೋಡಿ ಆ ಅಂಕದ ಜೊತೆಗಿದ್ದ ಟಿಪ್ಪಣಿಯನ್ನು ಗಟ್ಟಿಯಾಗಿ ಓದತೊಡಗಿದಳು. ಹಿರಿಯರು, ಉದ್ಧಟತನ, ಕಾರಣ ಸಾಲದು... ಕೊನೆಯ ವಾಕ್ಯಕ್ಕೆ ಬಂದಾಗ ಅವಳ ದನಿ ನಿಧಾನವಾಯಿತು. "ಸಿಟ್ ಸ್ಟ್ರೇಟ್... ಆ್ಯಂಡ್ ರೀಡ್ ದ ಚಾಪ್ಟರ್ ಅಗೇನ್."

ಮೂರು ಜೊತೆ ಕಣ್ಣು ನನ್ನತ್ತ ತಿರುಗಿದವು. ಕಾವಲಿಯ ಮೇಲೆ ದೋಸೆ ಸೀದಿತು.

"ಅತ್ತೆ," ಎಂದರು ಶಿವರಾಜ ಮೆತ್ತಗೆ, "ಆನ್‌ಲೈನ್ ಕ್ಲಾಸಲ್ಲಿ ನೆಟ್ಟಗೆ ಕೂತ್ಕೋ ಅಂತ ಹೇಳೋರು ಇಡೀ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಜನ ಇರಬಹುದು?"

"ಹೆಸರು ಇರಲಿಲ್ಲ..." ಎಂದೆ.

"ಅಜ್ಜಿ! ಹದಿನೇಳನೇ ಮನೆ ನಮ್ಮದು! ಬಾದಾಮಿ, ಅಜ್ಜಿ! ಬಾದಾಮಿ!"

ಲಾಸ್ಯಾ ಅಳುತ್ತ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂಬತ್ತು ವಾರ ಅವಳು ಬೆಳಗಾಗೆದ್ದು ಪಟ್ಟ ಶ್ರಮ ನಾನು ಕಣ್ಣಾರೆ ಕಂಡದ್ದು. ಗಂಟೆಗೆ ಹನ್ನೊಂದು ಸಲ ಕಂಡದ್ದು! ಆ ಶ್ರಮಕ್ಕೆ ಜೀವಮಾನದ ಕಲೆ ಹಚ್ಚಿದವಳು ನಾನೇ.

ಸೋಮವಾರ ಪ್ರೊಫೆಸರ್ ಒಕಾಂಪೊ ವಿದ್ಯಾರ್ಥಿಗಳಿಗೆ ಸಿಗುವ ಸಮಯಕ್ಕೆ ಸರಿಯಾಗಿ ಕಂಪ್ಯೂಟರಿನಲ್ಲಿ ಹಾಜರಾದೆ. ತಪ್ಪೊಪ್ಪಿಕೊಂಡೆ. ಭಾರತದ ಮೌಲ್ಯಮಾಪನ ಪದ್ಧತಿಯ ಬಗ್ಗೆ ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅರವತ್ತೆರಡು ಎಂದರೆ ಅವಮಾನವಲ್ಲ, ಸನ್ಮಾನ ಎಂದು ವಿವರಿಸಿದೆ. ಅವನು ಟೋಪಿ ತೆಗೆದು ಶ್ರದ್ಧೆಯಿಂದ ಬರೆದುಕೊಂಡ.

"ಆ ಹುಡುಗಿಯ ಅಂಕ ಸರಿಪಡಿಸಿ," ಎಂದೆ.

"ಕ್ಷಮಿಸಿ, ಇನ್ನೊಬ್ಬ ವಿದ್ಯಾರ್ಥಿಯ ಅಂಕದ ಬಗ್ಗೆ ನಿಮ್ಮ ಹತ್ತಿರ ಮಾತಾಡುವಂತಿಲ್ಲ."

"ಅವಳು ನನ್ನ ಮೊಮ್ಮಗಳು!"

"ಇಲ್ಲಿ ಅವರು ನಿಮ್ಮ ಸಹಪಾಠಿ, ಮೇಡಂ. ಆದರೆ ಎಲ್ಲರಿಗೂ ಅನ್ವಯಿಸುವ ನಿಯಮ ಹೇಳಬಲ್ಲೆ. ನಾಲ್ಕು ಅಂಕಗಳಲ್ಲಿ ಒಂದು ಮಾತ್ರ ಉಳಿದವುಗಳಿಂದ ತೀರಾ ದೂರ ಹಾರಿ ನಿಂತಿದ್ದರೆ, ಅದನ್ನು ಔಟ್‌ಲೈಯರ್ ಎಂದು ಪರಿಗಣಿಸಿ ವಾರದ ಕೊನೆಗೆ ಕೈಬಿಡುತ್ತೇವೆ. ಸಿಲಬಸ್ಸಿನ ಎರಡನೇ ಪುಟದಲ್ಲೇ ಇದೆ." ಬಲು ವಿನಯದಿಂದ ಕೇಳಿದ: "ತಾವು ಓದಿರಲಿಲ್ಲವೇ?"

ಮೂವತ್ತನಾಲ್ಕು ವರ್ಷ, ಪ್ರತಿ ಜೂನ್ ತಿಂಗಳು, ಇದೇ ಪ್ರಶ್ನೆ ಕೇಳಿ ನಾನು ಮಕ್ಕಳನ್ನು ಬೆವರಿಸಿದ್ದೆ. ಈಗ ನಾನೇ ಸೆರಗಿನಿಂದ ಹಣೆ ಒರೆಸಿಕೊಂಡೆ.

ಶುಕ್ರವಾರ ಸಂಜೆ ಅಂಕಗಳು ಬಂದವು. ನನ್ನದು ಕಳೆದು ಲಾಸ್ಯಾಳ ವರದಿ ತೊಂಬತ್ತಾರೂವರೆ ದಾಟಿತ್ತು. 'ಎ' ಉಳಿಯಿತು! ಮೈಥಿಲಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮೊಮ್ಮಗಳ ಲೆಕ್ಕದಿಂದ ಒಮ್ಮೆ, ಕಾಲೇಜಿನ ಲೆಕ್ಕದಿಂದ ಒಮ್ಮೆ, ಒಂದೇ ತಿಂಗಳಲ್ಲಿ ಎರಡು ಸಲ ಹೊರಬಿದ್ದ ಅಂಕಿ ನಾನು. ಇದೂ ಒಂದು ಬಗೆಯ ಡ್ಯುಯಲ್ ಕ್ರೆಡಿಟ್ಟೇ!

ಇಷ್ಟಕ್ಕೇ ಮುಗಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅಂಕ ಹಾಕಿದವರಿಗೂ ಪ್ರೊಫೆಸರ್ ಅಂಕ ಹಾಕುತ್ತಾರೆ ಎಂಬುದು ಅದೇ ಎರಡನೇ ಪುಟದಲ್ಲಿತ್ತಂತೆ. ನನ್ನ ಹೆಸರಿನ ಮುಂದೆ ಬಂದ ಅಂಕ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನಂತರ ಮಹಡಿ ಹತ್ತಿ, ಲಾಸ್ಯಾಳ ಬಾಗಿಲಿನ ಮುಂದೆ ನಿಂತು, ಈ ಮನೆಗೆ ಬಂದಮೇಲೆ ಮೊದಲ ಸಲ ಬಾಗಿಲು ತಟ್ಟಿದೆ.

"ಯಾರು?"

"ಹದಿನೇಳನೇ ಮನೆ," ಎಂದೆ.

ಒಳಗೆ ನಗು ಕೇಳಿಸಿತು. ಬಾಗಿಲು ತೆರೆಯಿತು. ನಾನು ಫೋನ್ ಅವಳ ಕೈಗಿಟ್ಟೆ. ಪ್ರೊಫೆಸರ್ ಬರೆದಿದ್ದರು: "ತಮ್ಮ ಟಿಪ್ಪಣಿಗಳು ಆಳವಾಗಿವೆ. ತಾವು ವಿವರಿಸಿದ ಅಳತೆಗೋಲನ್ನೇ ಗೌರವದಿಂದ ಬಳಸಿ ಅಂಕ ಕೊಟ್ಟಿದ್ದೇನೆ: 62. ಹೃತ್ಪೂರ್ವಕ ಅಭಿನಂದನೆಗಳು."

ಲಾಸ್ಯಾ ಒಮ್ಮೆ ಓದಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಮೆಟ್ಟಿಲಿನ ತುದಿಗೆ ಹೋಗಿ, ಅಚ್ಚ ಕನ್ನಡದಲ್ಲಿ ಕೂಗಿದಳು:

"ಅಪ್ಪಾ, ಅಜ್ಜಿಗೆ ಅರವತ್ತೆರಡು ಬಂತು! ಬೀದಿಗೆಲ್ಲಾ ಪೇಡ ಹಂಚಿ!"

ಅಳಿಯ ನಿಜಕ್ಕೂ ಹೋಗಿ ಪೇಡ ತಂದುಬಿಟ್ಟರು. ಸಕ್ಕರೆ ಜಾಸ್ತಿ, ಏಲಕ್ಕಿ ಸಾಲದು. ಐವತ್ತೆಂಟಕ್ಕಿಂತ ಒಂದು ಅಂಕವೂ ಹೆಚ್ಚು ಕೊಡುವಂಥದ್ದಲ್ಲ. "ಹೇಗಿದೆ ಅಜ್ಜಿ?" ಎಂದು ಲಾಸ್ಯಾ ಕೇಳಿದಳು.

"ತೊಂಬತ್ತೇಳು," ಎಂದೆ.